ಯುಎಸ್‌ಬಿ ಡ್ಯಾಕ್ ಕಾರ್ಡಿನ 5 ವೋಲ್ಟ್ ಪಿನ್‌ನಿಂದ ಪ್ರೆಶರ್ ಟ್ರಾನ್ಸ್‌ಮಿಟರ್ ಓಡಿಸಬಹುದಾ? 14 ಬಿಟ್ ಇದ್ದರೂ ರೀಡಿಂಗ್ ಯಾಕೆ ತಪ್ಪು?

ನೀವು ಬರೆದದ್ದರಿಂದ ನನಗೆ ಅರ್ಥವಾದದ್ದು ಇಷ್ಟು. ಮಲ್ಪೆಯ ಒಂದು ಐಸ್ ಪ್ಲಾಂಟ್‌ನಲ್ಲಿ ಕಾಲೇಜು ಪ್ರಾಜೆಕ್ಟ್. ಅಮೋನಿಯ ಲೈನಿಗೆ 0–25 ಬಾರ್‌ನ 3 ಟ್ರಾನ್ಸ್‌ಮಿಟರ್ ಹಾಕಿದ್ದೀರಿ, 4–20 ಮಿಲಿಆಂಪ್‌ನವು. ಅಂದರೆ ಒತ್ತಡ ಸೊನ್ನೆ ಇದ್ದಾಗ 4, 25 ಬಾರ್ ಆದಾಗ 20 ಮಿಲಿಆಂಪ್ ಕರೆಂಟ್ ಬಿಡುವವು. ಎನ್‌ಐ ಯುಎಸ್‌ಬಿ-6009 ಡ್ಯಾಕ್ ಕಾರ್ಡಿನ (ವೋಲ್ಟೇಜ್ ಅಳೆದು ಲ್ಯಾಪ್‌ಟಾಪ್‌ಗೆ ಕೊಡುವ ಸಾಧನ) 5 ವೋಲ್ಟ್ ಪಿನ್‌ಗೆ ಬೂಸ್ಟ್ ಕನ್ವರ್ಟರ್ ಕೂಡಿಸಿ 24 ವೋಲ್ಟ್ ಮಾಡಿಕೊಂಡಿದ್ದೀರಿ. ಒಂದು ಟ್ರಾನ್ಸ್‌ಮಿಟರ್ ಸರಿಯಾಗಿ ಓಡುತ್ತದೆ. ಎರಡನೆಯದು ಹಾಕಿದರೆ ಮೊದಲನೆಯದರ ರೀಡಿಂಗ್ ಇಳಿಯುತ್ತದೆ. ಮೂರನೆಯದಕ್ಕೆ ಲ್ಯಾಪ್‌ಟಾಪ್ ‘ಟಣ್’ ಅಂದು ಕಾರ್ಡೇ ಮಾಯ. ಪವರ್ ಸರಿ ಇದ್ದಾಗಲೂ ಪ್ಲಾಂಟಿನ ಗೇಜಿಗೂ ನಿಮ್ಮ ಲೆಕ್ಕಕ್ಕೂ ತಾಳೆ ಇಲ್ಲ.

ನಾನು ಬೈಕಂಪಾಡಿ ಕಡೆ ಇನ್‌ಸ್ಟ್ರುಮೆಂಟೇಶನ್ ಕೆಲಸ ಮಾಡುವವನು. ಮೊದಲು ಪವರ್ ವಿಷಯ ಮುಗಿಸುತ್ತೇನೆ, ಅದು ಸುಲಭ.

ಯುಎಸ್‌ಬಿ 2.0 ಪೋರ್ಟ್ ಒಂದು ಸಾಧನಕ್ಕೆ ಶುರುವಿನಲ್ಲಿ 100 ಮಿಲಿಆಂಪ್ ಕೊಡುತ್ತದೆ. ಸಾಧನ ಕೇಳಿಕೊಂಡ ಮೇಲೆ ಹೆಚ್ಚೆಂದರೆ 500. ನಿಮ್ಮ ಕಾರ್ಡಿನ 5 ವೋಲ್ಟ್ ಪಿನ್‌ನ ಮಿತಿ ಇನ್ನೂ ಕಡಿಮೆ, 200 ಮಿಲಿಆಂಪ್. ಈಗ ಲೆಕ್ಕ ಹಾಕಿ. 24 ವೋಲ್ಟ್‌ನಲ್ಲಿ 20 ಮಿಲಿಆಂಪ್ ಅಂದರೆ 0.48 ವ್ಯಾಟ್. ಅದನ್ನೇ 5 ವೋಲ್ಟ್‌ನಿಂದ ಎಳೆದರೆ 96 ಮಿಲಿಆಂಪ್. ಕನ್ವರ್ಟರ್‌ನ ನಷ್ಟ ಸೇರಿಸಿದರೆ 110ರ ಮೇಲೆ. ಅದೂ ಒಂದು ಟ್ರಾನ್ಸ್‌ಮಿಟರ್‌ಗೆ. ಎರಡಕ್ಕೇ ಪಿನ್ನಿನ ಮಿತಿ ದಾಟಿತು, ಅಲ್ವಾ?

ಬೂಸ್ಟ್ ಕನ್ವರ್ಟರ್‌ಗೆ ಇನ್ನೊಂದು ಕೆಟ್ಟ ಗುಣ ಉಂಟು. ಒಳಗೆ ಬರುವ ವೋಲ್ಟೇಜ್ ಕುಸಿದರೆ ಅದು ಸುಮ್ಮನಿರುವುದಿಲ್ಲ, ಅಷ್ಟೇ ವ್ಯಾಟ್ ಕೊಡಲು ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ವೋಲ್ಟೇಜ್ ಮತ್ತೂ ಕುಸಿಯುತ್ತದೆ. ಇದಕ್ಕೆ ನಿಮ್ಮ ಕೇಬಲ್ಲಿನ ಪಾಲೂ ಸೇರುತ್ತದೆ. ಒಳಗೆ 28 ಗೇಜ್ ತಂತಿ ಇರುವ 2 ಮೀಟರ್ ಕೇಬಲ್ ಆದರೆ ಹೋಗಿಬರುವ ದಾರಿಗೆ ಸುಮಾರು 0.85 ಓಮ್. 400 ಮಿಲಿಆಂಪ್ ಹರಿದರೆ ಅಲ್ಲೇ 0.34 ವೋಲ್ಟ್ ಹೋಯಿತು. ಕೊನೆಗೆ 24 ವೋಲ್ಟ್ ಎನ್ನುವುದು ಹೆಸರಿಗೆ ಮಾತ್ರ. ಲೂಪ್‌ನಲ್ಲಿ, ಅಂದರೆ ಕರೆಂಟ್ ಹರಿಯುವ ಸುತ್ತಿನಲ್ಲಿ, ಟ್ರಾನ್ಸ್‌ಮಿಟರ್‌ಗೆ ಬೇಕಾದಷ್ಟು ವೋಲ್ಟೇಜ್ ಉಳಿಯದಿದ್ದರೆ ಅದು ಒತ್ತಡ ಎಷ್ಟೇ ಇರಲಿ ಪೂರ್ತಿ ಕರೆಂಟ್ ಬಿಡಲಾರದು. ನಿಮ್ಮ ಮೊದಲ ರೀಡಿಂಗ್ ಇಳಿದದ್ದು ಇದರಿಂದಲೇ.

ಹಾಗಾಗಿ ಒಂದು 24 ವೋಲ್ಟ್ ಎಸ್‌ಎಂಪಿಎಸ್ (ಮೈನ್ಸ್‌ನಿಂದ ಓಡುವ ಪವರ್ ಸಪ್ಲೈ) ತಗೊಳ್ಳಿ, ಸಣ್ಣದೇ ಸಾಕು. ಅದರ ಮೈನಸ್ ಅನ್ನು ಕಾರ್ಡಿನ ಗ್ರೌಂಡ್‌ಗೆ ಕೂಡಿಸಿ. ಪವರ್ ಇಲ್ಲದ ಯುಎಸ್‌ಬಿ ಹಬ್ ಹಾಕಬೇಡಿ ಮಾರಾಯ್ರೇ. ಅದರ ಒಂದೊಂದು ಪೋರ್ಟಿಗೆ ಸಿಗುವುದು 100 ಮಿಲಿಆಂಪ್ ಲೆಕ್ಕ.

ಇನ್ನು 14 ಬಿಟ್‌ನ ಕಥೆ. ಡಬ್ಬದ ಮೇಲೆ ದೊಡ್ಡದಾಗಿ ಬರೆಯುವ ಈ ಸಂಖ್ಯೆಯನ್ನು ನಂಬಿ ಲೆಕ್ಕ ಹಾಕುವವರೇ ಜಾಸ್ತಿ. ±10 ವೋಲ್ಟ್ ರೇಂಜಿನಲ್ಲಿ 14 ಬಿಟ್ ಅಂದರೆ ಒಂದು ಮೆಟ್ಟಿಲು 1.22 ಮಿಲಿವೋಲ್ಟ್. ಕಾರ್ಡ್ ಎಷ್ಟು ಸಣ್ಣ ವ್ಯತ್ಯಾಸ ತೋರಿಸಬಲ್ಲದು ಅಂತ ಅದು ಹೇಳುತ್ತದೆ, ಅಷ್ಟೇ. ತೋರಿಸಿದ್ದು ಸರಿಯಾ ಎಂಬುದಕ್ಕೆ ಸ್ಪೆಸಿಫಿಕೇಶನ್‌ನಲ್ಲಿ ‘ಅಬ್ಸಲ್ಯೂಟ್ ಅಕ್ಯುರೆಸಿ’ ಅನ್ನುವ ಬೇರೆ ಟೇಬಲ್ ಉಂಟು. ಅದೇ ರೇಂಜಿಗೆ, ಡಿಫರೆನ್ಷಿಯಲ್‌ನಲ್ಲಿ (ಎರಡು ಪಿನ್‌ಗಳ ನಡುವಿನ ವೋಲ್ಟೇಜ್ ಅಳೆಯುವ ರೀತಿ), ಅಲ್ಲಿರುವುದು 25 ಡಿಗ್ರಿಯಲ್ಲಿ ಸಾಮಾನ್ಯವಾಗಿ 7.73 ಮಿಲಿವೋಲ್ಟ್. ಪೂರ್ತಿ ತಾಪಮಾನದ ರೇಂಜಿಗೆ ಹೆಚ್ಚೆಂದರೆ 84.8. ಸಿಂಗಲ್ ಎಂಡೆಡ್‌ಗೆ (ಒಂದು ಪಿನ್ ಮತ್ತು ಗ್ರೌಂಡ್ ನಡುವೆ ಅಳೆಯುವುದು) ಬಂದರೆ 13 ಬಿಟ್ ಮಾತ್ರ, ತಪ್ಪು ಹೆಚ್ಚೆಂದರೆ 138 ಮಿಲಿವೋಲ್ಟ್.

ಇದನ್ನು ಬಾರ್‌ಗೆ ಇಳಿಸಿ ನೋಡಿ. ಕರೆಂಟನ್ನು ವೋಲ್ಟೇಜ್ ಮಾಡಲು 250 ಓಮ್ ರೆಸಿಸ್ಟರ್ ಹಾಕಿದರೆ 1ರಿಂದ 5 ವೋಲ್ಟ್ ಬರುತ್ತದೆ. 25 ಬಾರ್‌ಗೆ 4 ವೋಲ್ಟ್, ಅಂದರೆ ಒಂದು ಬಾರ್‌ಗೆ 160 ಮಿಲಿವೋಲ್ಟ್. 138 ಮಿಲಿವೋಲ್ಟ್ ತಪ್ಪಾದರೆ 0.86 ಬಾರ್! ಡಿಸ್ಚಾರ್ಜ್ ಕಡೆ (ಕಂಪ್ರೆಸರ್‌ನಿಂದ ಹೊರಬರುವ ಲೈನ್) ಹೇಗೋ ನಡೆದೀತು. ಸಕ್ಷನ್ ಕಡೆ (ಕಂಪ್ರೆಸರ್‌ಗೆ ಒಳಹೋಗುವ ಲೈನ್) ಇರುವುದೇ ಒಂದೆರಡು ಬಾರ್, ಅಲ್ಲಿ ಈ ರೀಡಿಂಗ್‌ಗೆ ಅರ್ಥವೇ ಇಲ್ಲ. ಎಂತ ಮಾಡುವುದು ಅಂದರೆ, ಡಿಫರೆನ್ಷಿಯಲ್‌ಗೆ ಬದಲಿಸಿ. 4 ಚಾನೆಲ್ ಸಿಗುತ್ತದೆ, ನಿಮಗೆ ಬೇಕಾದದ್ದು 3. ರೇಂಜ್ ±5 ವೋಲ್ಟ್ ಇಡಿ, ಸಾಮಾನ್ಯ ತಪ್ಪು 4.28 ಮಿಲಿವೋಲ್ಟ್‌ಗೆ ಇಳಿಯುತ್ತದೆ. ಸಕ್ಷನ್‌ಗೆ 25 ಬಾರ್‌ನ ಟ್ರಾನ್ಸ್‌ಮಿಟರ್ ಹಾಕಿದ್ದೇ ಜಾಸ್ತಿಯಾಯಿತು. ಸಾಧ್ಯವಾದರೆ ಅಲ್ಲಿಗೆ ಕಡಿಮೆ ರೇಂಜಿನದು ತನ್ನಿ.

ಕಾರ್ಡಿಗೆ ಬೈಯುವ ಮೊದಲು ಆ ರೆಸಿಸ್ಟರ್ ನೋಡಿ. 5 ಪರ್ಸೆಂಟ್‌ನದ್ದಾದರೆ 3 ವೋಲ್ಟ್ ಇರಬೇಕಾದಲ್ಲಿ 150 ಮಿಲಿವೋಲ್ಟ್ ಆಚೀಚೆ ಆಗಬಹುದು. ಹೆಚ್ಚುಕಡಿಮೆ ಒಂದು ಬಾರ್. 0.1 ಪರ್ಸೆಂಟ್‌ನದ್ದು ಹಾಕಿ. ಲೂಪ್ ಕ್ಯಾಲಿಬ್ರೇಟರ್ (ಗೊತ್ತಿರುವ ಕರೆಂಟನ್ನು ನಿಖರವಾಗಿ ಕೊಡುವ ಸಾಧನ) ಯಾರ ಹತ್ತಿರವಾದರೂ ಸಿಕ್ಕಿದರೆ 4 ಮತ್ತು 20 ಮಿಲಿಆಂಪ್ ಕೊಟ್ಟು ಎರಡು ಪಾಯಿಂಟ್ ತಿದ್ದಿಕೊಳ್ಳಿ. ಅದನ್ನು ಕಾಲೇಜಿನ ಎಸಿ ಲ್ಯಾಬ್‌ನಲ್ಲಿ ಮಾಡಬೇಡಿ, ಕಂಪ್ರೆಸರ್ ರೂಮಿನ ಸೆಕೆಯಲ್ಲೇ ಮಾಡಿ. ಪ್ಲಾಂಟಿನ ಗೇಜೇ ಸರಿ ಅಂತಲೂ ನಂಬಬೇಡಿ.

ಸಂಖ್ಯೆ ಕುಣಿಯುತ್ತಿದ್ದರೆ ಒಂದು ಪರೀಕ್ಷೆ ಉಂಟು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಕುಣಿತ ನಿಂತರೆ ತೊಂದರೆ ಚಾರ್ಜರ್‌ನದ್ದು ಅಥವಾ ಗ್ರೌಂಡ್ ಲೂಪ್‌ನದ್ದು (ಎರಡು ಕಡೆ ಗ್ರೌಂಡ್ ಆಗಿ ನಡುವೆ ಬೇಡದ ಕರೆಂಟ್ ಹರಿಯುವುದು). ಈ ಕಾರ್ಡಿಗೆ ಐಸೊಲೇಶನ್ ಇಲ್ಲ, ಅಂದರೆ ಕಾರ್ಡಿನ ಗ್ರೌಂಡ್ ಲ್ಯಾಪ್‌ಟಾಪಿನಿಂದ ಬೇರೆಯಾಗಿಲ್ಲ. ಸೆಕೆಂಡಿಗೆ 1000 ಸ್ಯಾಂಪಲ್ ತೆಗೆದು 100ರ ಸರಾಸರಿ ಮಾಡಿದರೆ 50 ಹರ್ಟ್ಸ್‌ನ 5 ಸುತ್ತು ಸರಿಯಾಗಿ ಕೂರುತ್ತದೆ, ಕರೆಂಟಿನ ಗುಂಯ್‌ಗುಡುವಿಕೆ ಹೆಚ್ಚಿನಂಶ ಹೋಗುತ್ತದೆ. ಮತ್ತೆ, ಮಲ್ಪೆಯ ಉಪ್ಪು ಗಾಳಿಗೆ ಟರ್ಮಿನಲ್ ಸ್ಕ್ರೂ ಹಸಿರು ಕಟ್ಟಿದೆಯಾ ಅಂತಲೂ ಒಮ್ಮೆ ನೋಡಿಬಿಡಿ.