ಮಗಳ ಮುಂದಿನ ಹಲ್ಲುಗಳ ಕಂದು ಕಲೆಗೆ ಕ್ಯಾಪ್ ಹಾಕಿಸಬೇಕಾ?

ನಿಮ್ಮದು ಬಾಗೇಪಲ್ಲಿ ಹತ್ತಿರದ ಹಳ್ಳಿ, ಮಗಳಿಗೆ 11 ವರ್ಷ, ಮೇಲಿನ ನಾಲ್ಕು ಮುಂದಿನ ಹಲ್ಲುಗಳಲ್ಲಿ ಬಿಳಿ ಮಚ್ಚೆ, ನಡುವೆ ಕಂದು ಪಟ್ಟಿ. ಪೇಸ್ಟ್ ಬದಲಾಯಿಸಿದ್ದೀರಿ, ಕ್ಲೀನಿಂಗ್ ಮಾಡಿಸಿದ್ದೀರಿ, ಹೋಗಿಲ್ಲ. ನಾಲ್ಕಕ್ಕೂ ಕ್ಯಾಪ್ ಹಾಕಿಸಿ ಎಂದು ಯಾರೋ ಹೇಳಿದ್ದಾರೆ. ಎರಡು ವರ್ಷದ ಮಗನೂ ಇದ್ದಾನೆ ಎಂದು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ.

ಕ್ಯಾಪ್ ಈಗ ಬೇಡ. ಮಗಳ ಕಲೆಗೆ ಅದಕ್ಕಿಂತ ಹಗುರವಾದ ಚಿಕಿತ್ಸೆ ಇದೆ, ಅದಕ್ಕೆ ಆತುರವೂ ಇಲ್ಲ. ಆತುರ ಇರುವುದು ಮಗನ ವಿಷಯದಲ್ಲಿ. ಅವನ ಶಾಶ್ವತ ಹಲ್ಲುಗಳ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ದವಡೆಯೊಳಗೆ ಈಗ ಕಟ್ಟಿಕೊಳ್ಳುತ್ತಿದೆ. ಮೇಲಿನ ಮುಂದಿನ ಎರಡು ಹಲ್ಲುಗಳಿಗಂತೂ ಒಂದೂಕಾಲರಿಂದ ಮೂರು ವರ್ಷದವರೆಗಿನ ಅವಧಿಯೇ ತುಂಬಾ ಸೂಕ್ಷ್ಮ. ಆಗ ಬೋರ್ ನೀರಿನಿಂದ ದೇಹಕ್ಕೆ ಫ್ಲೋರೈಡ್ (ಬಂಡೆಯಿಂದ ನೀರಿಗೆ ಸೇರುವ ಅಂಶ) ಹೆಚ್ಚಾದರೆ ಆರೇಳು ವರ್ಷಕ್ಕೆ ಹಲ್ಲು ಹುಟ್ಟುವಾಗ ಸುಣ್ಣದ ಮಚ್ಚೆಯೊಂದಿಗೇ ಹುಟ್ಟುತ್ತದೆ. ಎಂಟು ವರ್ಷ ದಾಟಿದ ಮೇಲೆ, ಬುದ್ಧಿಹಲ್ಲು ಬಿಟ್ಟರೆ, ಹೊಸದಾಗಿ ಈ ಕಲೆ ಬರುವುದಿಲ್ಲ. ಮಗಳ ನೀರು ಈಗ ಬದಲಾಯಿಸಿದರೆ ಅವಳ ಕಲೆ ಹೋಗುವುದಿಲ್ಲ, ಆದರೆ ಮೂಳೆಗೆ ಒಳ್ಳೆಯದು. ಮಗನಿಗೆ ಬದಲಾಯಿಸಿದರೆ ಕಲೆಯನ್ನೇ ತಡೆಯಬಹುದು.

ಮೊದಲು ಇದು ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬಂದ ಕಲೆ, ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳಿ. ಫ್ಲೋರೈಡ್ ಕಲೆ ಎಡಬಲದ ಜೋಡಿ ಹಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಹಲ್ಲಿಗೆ ಅಡ್ಡಡ್ಡ ಗೆರೆಗಳಾಗಿ ಕಾಣುತ್ತದೆ. ಒಂದೇ ಒಂದು ಹಲ್ಲಿಗೆ ಇದ್ದರೆ, ಚಿಕ್ಕಂದಿನಲ್ಲಿ ಹಾಲುಹಲ್ಲಿಗೆ ಪೆಟ್ಟು ಬಿದ್ದದ್ದೋ ಅದರ ಬೇರಿನಲ್ಲಿ ಕೀವಾದದ್ದೋ ಕಾರಣವಾಗಿರಬಹುದು. ಒಸಡಿನ ಅಂಚಿನಲ್ಲಷ್ಟೇ ಕಪ್ಪು ಗೆರೆ ಇದ್ದರೆ ಅದು ಮೇಲ್ಮೈ ಕಲೆ, ಕ್ಲೀನಿಂಗಿಗೆ ಹೋಗುತ್ತದೆ. ನಿಮ್ಮ ಮಗಳಿಗೆ ಹೋಗದಿದ್ದಕ್ಕೆ ಕಾರಣ ಇಷ್ಟೆ: ಎನಾಮಲಿನ ಮೇಲ್ಪದರದ ಕೆಳಗೆ ಸಣ್ಣ ಸಣ್ಣ ರಂಧ್ರಗಳಿವೆ, ಹಲ್ಲು ಹುಟ್ಟಿದ ನಂತರ ಬಣ್ಣ ಅದರೊಳಗೆ ಇಳಿದು ಕಂದಾಗಿದೆ. ಉಜ್ಜಿದರೆ ಸಿಗುವ ಜಾಗದಲ್ಲಿ ಅದು ಇಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು, ನಿಂಬೆರಸ ಯಾವುದನ್ನೂ ಹಾಕಿ ಉಜ್ಜಬೇಡಿ. ಪುಡಿಗಳು ಎನಾಮಲನ್ನು ಸವೆಸುತ್ತವೆ, ನಿಂಬೆ ಕರಗಿಸುತ್ತದೆ, ಒಳಗಿನ ಹಳದಿ ಡೆಂಟಿನ್ ಇಣುಕಿ ಹಲ್ಲು ಇನ್ನಷ್ಟು ಮಂಕಾಗುತ್ತದೆ, ಜುಮ್ಮೆನ್ನಲು ಶುರುವಾಗುತ್ತದೆ.

ಕ್ಯಾಪ್ ಯಾಕೆ ಬೇಡ ಎಂದರೆ, ಅದಕ್ಕಾಗಿ ಹಲ್ಲನ್ನು ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್ ಅರೆಯಬೇಕು. 11 ವರ್ಷದ ಹಲ್ಲಿನೊಳಗೆ ನರದ ಕೋಣೆ ಇನ್ನೂ ದೊಡ್ಡದು. ಅರೆಯುವಾಗ ಅದರ ಹತ್ತಿರ ಹೋದರೆ ರೂಟ್ ಕೆನಾಲ್‌ವರೆಗೆ ಹೋಗಬಹುದು. ಒಸಡೂ ಇನ್ನೂ ಮೇಲೆ ಸರಿಯುವುದಿದೆ. ಇವತ್ತು ಒಸಡಿನಡಿ ಮುಚ್ಚಿದ ಕ್ಯಾಪಿನ ಅಂಚು ಹದಿನೆಂಟಕ್ಕೆ ಹೊರಗೆ ಕಾಣುತ್ತದೆ. ಗುಳಿ ಬಿದ್ದು ಎನಾಮಲ್ ಚಕ್ಕೆ ಏಳುತ್ತಿರುವ ತೀವ್ರ ಫ್ಲೋರೋಸಿಸ್‌ಗೆ, ಅದೂ ದೊಡ್ಡವರಾದ ಮೇಲೆ, ಕ್ಯಾಪಿನ ಮಾತು.

ಅವಳಿಗೆ ನಾನು ಮೊದಲು ಕೇಳಲು ಹೇಳುವುದು ಮೈಕ್ರೋಅಬ್ರೇಶನ್. ಹಲ್ಲುಗಳಿಗೆ ರಬ್ಬರ್ ಡ್ಯಾಮ್ (ಒಸಡನ್ನು ಮುಚ್ಚುವ ತೆಳು ರಬ್ಬರ್ ಹಾಳೆ) ಕಟ್ಟಿ, ಕಣ್ಣಿಗೆ ಕನ್ನಡಕ ಹಾಕಿ, ಆಸಿಡ್ ಮತ್ತು ನುಣುಪು ಉಜ್ಜುಪುಡಿ ಸೇರಿದ ಪೇಸ್ಟನ್ನು ನಿಧಾನವಾಗಿ ತಿರುಗುವ ರಬ್ಬರ್ ಕಪ್ಪಿನಿಂದ ತಿಕ್ಕುತ್ತಾರೆ. ಸಿದ್ಧ ಪೇಸ್ಟಿನಲ್ಲಿ ಸುಮಾರು 6.6 ಶೇಕಡಾ ಹೈಡ್ರೋಕ್ಲೋರಿಕ್ ಆಸಿಡ್, ಜೊತೆಗೆ ಸಿಲಿಕಾನ್ ಕಾರ್ಬೈಡ್. ಅದಿಲ್ಲದ ಕಡೆ 37 ಶೇಕಡಾ ಫಾಸ್ಫಾರಿಕ್ ಆಸಿಡನ್ನು ಪ್ಯೂಮಿಸ್ ಪುಡಿಯೊಂದಿಗೆ ಕಲಸಿ ಮಾಡುತ್ತಾರೆ. ಸ್ವಲ್ಪ ತಿಕ್ಕುವುದು, ತೊಳೆಯುವುದು, ನೋಡುವುದು, ಮತ್ತೆ ತಿಕ್ಕುವುದು. ಒಟ್ಟು ಹೋಗುವ ಎನಾಮಲ್ ಸಾಮಾನ್ಯವಾಗಿ 0.2 ಮಿಲಿಮೀಟರ್ ಒಳಗೆ. ಮುಂದಿನ ಹಲ್ಲಿನ ಎನಾಮಲ್ ಸುಮಾರು ಒಂದು ಮಿಲಿಮೀಟರ್ ಇರುತ್ತದೆ, ಹಾಗಾಗಿ ಇದು ತಡೆಯುವ ನಷ್ಟ. ಕಂದು ಕಲೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಆಳದ ದಟ್ಟ ಬಿಳಿ ಮಚ್ಚೆಗೆ ಅಷ್ಟಾಗಿ ಇಲ್ಲ. ರಬ್ಬರ್ ಡ್ಯಾಮ್ ಇಲ್ಲದೆ ಮಾಡುತ್ತೇವೆ ಅಂದರೆ ಒಪ್ಪಬೇಡಿ, ಆಸಿಡ್ ಒಸಡನ್ನು ಸುಡುತ್ತದೆ.

ಅದೇ ದಿನ ಕನ್ನಡಿ ನೋಡಿ ತೀರ್ಮಾನಕ್ಕೆ ಬರಬೇಡಿ. ಒಣಗಿದ ಹಲ್ಲು ಬೆಳ್ಳಗೆ ಕಂಡು, ಮಚ್ಚೆ ಎದ್ದು ತೋರುತ್ತದೆ. ನಿಜವಾದ ಬಣ್ಣ ಒಂದೆರಡು ವಾರಕ್ಕೆ ನಿಲ್ಲುತ್ತದೆ. ಮೊದಲ ಕೆಲವು ದಿನ ಟೀ, ಕಾಫಿ, ಬಣ್ಣದ ಪಾನೀಯ ಬೇಡ. ಚಿಕಿತ್ಸೆಯ ನಂತರ ಕ್ಯಾಲ್ಸಿಯಂ ಫಾಸ್ಫೇಟಿನ ಕ್ರೀಮ್ ಕೊಟ್ಟರೆ ಮಗಳಿಗೆ ಹಾಲಿನ ಅಲರ್ಜಿ ಇದೆಯೇ ಎಂದು ಹೇಳಿ, ಅಂಥ ಕೆಲವು ಕ್ರೀಮಿನಲ್ಲಿ ಹಾಲಿನ ಪ್ರೋಟೀನ್ ಇರುತ್ತದೆ.

ಬಿಳಿ ಮಚ್ಚೆ ಉಳಿದರೆ ರೆಸಿನ್ ಇನ್‌ಫಿಲ್ಟ್ರೇಶನ್ ಇದೆ. ಆಸಿಡ್ ಜೆಲ್‌ನಿಂದ ಮೇಲ್ಪದರ ತೆರೆದು, ಆಲ್ಕೋಹಾಲಿನಿಂದ ಒಣಗಿಸಿ, ತೆಳು ರೆಸಿನನ್ನು ಆ ರಂಧ್ರಗಳಿಗೆ ಇಳಿಸಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಹಲ್ಲು ಒದ್ದೆ ಇದ್ದಾಗ ಮಾಯವಾಗಿ, ಒಣಗಿದಾಗ ಮಾತ್ರ ಕಾಣುವ ಮಚ್ಚೆ ಮೇಲ್ಮಟ್ಟದ್ದು. ಅಂಥದಕ್ಕೆ ಫಲ ಚೆನ್ನಾಗಿರುತ್ತದೆ. ಅದಕ್ಕೂ ಬಗ್ಗದಿದ್ದರೆ ಹಲ್ಲು ಹೆಚ್ಚು ಕೊರೆಯದೆ ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್) ಹೊದಿಕೆ ಹಾಕಿಸಬಹುದು. ಕೆಲವು ವರ್ಷಕ್ಕೊಮ್ಮೆ ರಿಪೇರಿ ಬೇಕಾಗುತ್ತದೆ, ಅಂಚು ಬಣ್ಣ ಹಿಡಿಯುತ್ತದೆ, ಕಬ್ಬು ಕಚ್ಚಿ ಸಿಗಿದರೆ ಚಕ್ಕೆ ಎದ್ದೀತು. ಫ್ಲೋರೈಡ್ ತುಂಬಿದ ಎನಾಮಲ್ ಆಸಿಡ್ಡಿಗೆ ಬೇಗ ಬಗ್ಗುವುದಿಲ್ಲ. ಎಂದಿನಂತೆ 15-30 ಸೆಕೆಂಡ್ ಎಚ್ಚಿಂಗ್ (ಹೊದಿಕೆ ಅಂಟಲೆಂದು ಆಸಿಡ್ ಹಚ್ಚಿ ಮೇಲ್ಮೈ ತರಿಯಾಗಿಸುವುದು) ಮಾಡಿ ಬಿಟ್ಟರೆ ಹೊದಿಕೆ ಬೇಗ ಕಳಚಿಕೊಳ್ಳಬಹುದು, ಸಮಯ ಹೆಚ್ಚಿಸಬೇಕಾಗುತ್ತದೆ. ಬ್ಲೀಚಿಂಗ್, ಸೆರಾಮಿಕ್ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಪದರ) ಎರಡನ್ನೂ 18ರ ನಂತರ ನೋಡಿ.

ಎಲ್ಲಿ ಎಂದರೆ, ದಂತ ವೈದ್ಯಕೀಯ ಕಾಲೇಜುಗಳ ಮಕ್ಕಳ ದಂತ ವಿಭಾಗ. ನಿಮಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜು ಅನುಕೂಲ. ಕೋಲಾರದ ಕಡೆಯವರಿಗೆ ಕೆಜಿಎಫ್‌ನಲ್ಲಿ, ಪಾವಗಡ, ಶಿರಾ, ಮಧುಗಿರಿಯವರಿಗೆ ತುಮಕೂರಿನ ಸಿದ್ಧಾರ್ಥದಲ್ಲಿ ದಂತ ಕಾಲೇಜುಗಳಿವೆ.

ಈಗ ನೀರು. ಇದನ್ನೇ ನೀವು ಗಮನವಿಟ್ಟು ಓದಬೇಕು. ನಮ್ಮ ಬಯಲುಸೀಮೆಯ ಗ್ರಾನೈಟಿನಂಥ ಗಟ್ಟಿ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಬಂಡೆಯ ಸಂಪರ್ಕದಲ್ಲಿ ಬಹುಕಾಲ ನಿಂತ ನೀರು ಸಿಗುವ ಸಾಧ್ಯತೆ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. 12 ಕಿಲೋ ತೂಕದ ಮಗುವಿಗೆ ದಿನಕ್ಕೆ ಸುಮಾರು 1.2 ಮಿಲಿಗ್ರಾಂ ಗರಿಷ್ಠ ಮಿತಿ. ನೀರಿನಲ್ಲಿ 3 ಇದ್ದರೆ ಅರ್ಧ ಲೀಟರಿಗೇ ಅದು ದಾಟುತ್ತದೆ.

ಎಷ್ಟೋ ಮನೆಗಳಲ್ಲಿ ಕುಡಿಯಲು ಕ್ಯಾನ್ ನೀರು, ಅಡುಗೆಗೆ ಬೋರ್ ನೀರು. ಮಗುವಿನ ರಾಗಿ ಸರಿ, ಗಂಜಿ, ಅನ್ನ, ಬೇಳೆ ಎಲ್ಲ ನೀರನ್ನು ಹೀರಿಕೊಂಡೇ ಬೇಯುತ್ತವೆ, ಫ್ಲೋರೈಡ್ ಹಾಗೇ ಹೊಟ್ಟೆಗೆ ಹೋಗುತ್ತದೆ. ಮಗನ ಅಡುಗೆಗೂ ಶುದ್ಧ ನೀರೇ ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದರ ಸಾಂದ್ರತೆ ಏರುತ್ತದೆ: ಲೀಟರಿಗೆ 2 ಮಿಲಿಗ್ರಾಂ ಇರುವ ಎರಡು ಲೀಟರನ್ನು ಒಂದೂವರೆಗೆ ಇಳಿಸಿದರೆ ಅದು 2.7ರ ಹತ್ತಿರ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್‌ಗಳೂ ತೆಗೆಯುವುದಿಲ್ಲ. ಆರ್‌ಒ ತೆಗೆಯುತ್ತದೆ, ಅದರೊಳಗಿನ ಸೋಸುವ ಪೊರೆ ಸರಿಯಿದ್ದರೆ. ಊರಿನ ಶುದ್ಧ ನೀರಿನ ಘಟಕದ ಬೋರ್ ನೀರನ್ನೂ ಹೊರಬರುವ ನೀರನ್ನೂ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ) ಮೀಟರಿನಲ್ಲಿ ನೋಡಿ. 900 ಇದ್ದದ್ದು 100ರ ಸುಮಾರಿಗೆ ಇಳಿದರೆ ಪೊರೆ ಕೆಲಸ ಮಾಡುತ್ತಿದೆ. 400ರಲ್ಲಿ ನಿಂತರೆ ಪೊರೆ ಹಾಳಾಗಿದೆ ಅಥವಾ ಹಸಿ ನೀರು ಬೆರೆಯುತ್ತಿದೆ. ಮನೆಯ ಆರ್‌ಒದಲ್ಲಿ ರುಚಿಗೆಂದು ಟಿಡಿಎಸ್ ಕಂಟ್ರೋಲರ್ ಇದ್ದರೆ ಪೂರ್ತಿ ಮುಚ್ಚಿಸಿ, ಅದು ಬೋರ್ ನೀರನ್ನೇ ಮತ್ತೆ ಬೆರೆಸುತ್ತದೆ.

ಟಿಡಿಎಸ್ ಫ್ಲೋರೈಡಿನ ಅಳತೆಯಲ್ಲ ಎಂಬುದು ನೆನಪಿರಲಿ, ಅದಕ್ಕೆ ಪರೀಕ್ಷೆಯೇ ಬೇಕು. ಮೋಟಾರ್ ಐದು ನಿಮಿಷ ಓಡಲಿ, ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ. ಗಾಜಿನದು ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಕಿಟ್ ಇದ್ದರೆ ಅಲ್ಲೇ ನೋಡಿಸಿ, ಇಲ್ಲದಿದ್ದರೆ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಡಿ. ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ.

ಮಳೆನೀರಿನಲ್ಲಿ ಫ್ಲೋರೈಡ್ ನಗಣ್ಯ. 200 ಚದರ ಅಡಿ ತಾರಸಿಯಲ್ಲಿ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ, ಪೋಲಾಗುವುದನ್ನು ಕಳೆದೂ 9 ಸಾವಿರ ಲೀಟರಿನಷ್ಟು ಸಿಗುತ್ತದೆ. ದಿನಕ್ಕೆ 20 ಲೀಟರ್ ಕುಡಿಯಲು, ಅಡುಗೆಗೆ ಬಳಸುವ ಮನೆಗೆ ವರ್ಷ ಪೂರ್ತಿ ಸಾಕು. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿಡಿ, ಕುಡಿಯುವುದನ್ನು ಕುದಿಸಿ. ಇಲ್ಲಿ ಕುದಿಸುವುದು ರೋಗಾಣುಗಳಿಗಾಗಿ.

ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ. ಹಾಲು, ಮೊಸರು, ರಾಗಿ, ಸೊಪ್ಪು ತಪ್ಪಿಸಬೇಡಿ. ಕರುಳಿನಲ್ಲಿ ಕ್ಯಾಲ್ಸಿಯಂ ಫ್ಲೋರೈಡನ್ನು ಕಟ್ಟಿಹಾಕಿ ಹೀರಿಕೆ ತಗ್ಗಿಸುತ್ತದೆ. ಮಕ್ಕಳಿಗೆ ಟೀ ಕೊಡಬೇಡಿ, ಎಲೆಯಲ್ಲೇ ಫ್ಲೋರೈಡ್ ಇದೆ.

ಪೇಸ್ಟಿನ ವಿಷಯ. ಮಗಳು ಫ್ಲೋರೈಡ್ ಪೇಸ್ಟನ್ನೇ ಬಳಸಲಿ, ಬಟಾಣಿ ಗಾತ್ರ, ದಿನಕ್ಕೆರಡು ಸಲ, ಎರಡು ನಿಮಿಷ, ಮೃದು ಬ್ರಷ್. ಕಲೆ ಬಿದ್ದ ಹಲ್ಲಿಗೆ ಹುಳುಕು ಹಿಡಿಯುವುದಿಲ್ಲ ಎಂಬ ಮಾತು ಸುಳ್ಳು, ಗುಳಿ ಇರುವ ಹಲ್ಲಿಗೆ ಬೇಗ ಹಿಡಿಯುತ್ತದೆ. ಹನ್ನೆರಡಕ್ಕೆ ಬರುವ ಎರಡನೇ ದವಡೆಹಲ್ಲಿಗೆ ಸೀಲೆಂಟ್ (ಹುಳುಕು ಹಿಡಿಯದಂತೆ ಹಲ್ಲಿನ ಸಂದುಗಳನ್ನು ಮುಚ್ಚುವ ಲೇಪ) ಹಾಕಿಸಿ. ಮಗ ಉಗುಳಲು ಕಲಿತಿಲ್ಲ, ನೀರಿನಲ್ಲೂ ಫ್ಲೋರೈಡ್ ಜಾಸ್ತಿ ಇದ್ದರೆ ಸದ್ಯಕ್ಕೆ ಫ್ಲೋರೈಡ್ ಇಲ್ಲದ ಪೇಸ್ಟ್ ಸಾಕು ಎನ್ನುವುದು ನನ್ನ ಅಭಿಪ್ರಾಯ. ನೀರು ಸರಿಯಾದ ಮೇಲೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ನಿಮ್ಮ ಕೈಯಿಂದಲೇ ಉಜ್ಜಿ, ಟ್ಯೂಬ್ ಅವನ ಕೈಗೆ ಸಿಗದಂತೆ ಎತ್ತರದಲ್ಲಿಡಿ.