ಸೂಪರ್‌ವೈಸರ್‌ಗೆ ಹೇಳದೆ ಇಟ್ಟುಕೊಂಡ ಕೇಸು

(ಹೆಸರು, ಊರು, ವಯಸ್ಸು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ. ಆಕೆಯ ಬಳಿ ಬರುತ್ತಿದ್ದ ಹುಡುಗನ ವಿವರಗಳನ್ನು ಇನ್ನೂ ಜಾಸ್ತಿ ಬದಲಿಸಿದ್ದೇನೆ.)

ಮೇಘಾ ಅಂತ ಕರೆಯೋಣ. ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಎರಡನೇ ವರ್ಷ. ಬೆಂಗಳೂರಿನಿಂದ ದೂರದ ಒಂದು ಜಿಲ್ಲಾ ಕೇಂದ್ರದಲ್ಲಿ, ಹಿರಿಯರೊಬ್ಬರು ನಡೆಸುವ ಆಪ್ತಸಲಹಾ ಕೇಂದ್ರದಲ್ಲಿ ಕೆಲಸ. ಸಂಬಳ ಕೊಡುವವರೂ ಅವರೇ, ಸೂಪರ್‌ವಿಷನ್ ಕೊಡುವವರೂ, ಅಂದರೆ ಆಕೆಯ ಕೇಸುಗಳನ್ನು ಕೇಳಿ ತಿದ್ದಿ ದಾರಿ ತೋರಿಸುವವರೂ ಅವರೇ. ನನ್ನ ಬಳಿ ಆನ್‌ಲೈನ್‌ನಲ್ಲಿ ಆಪ್ತಸಲಹೆಗೆ ಬಂದಾಗ ಆಕೆ ಹೇಳಿದ ಕಾರಣ ಕೆಲಸದ ಸುಸ್ತು. ನಿದ್ದೆ ಇಲ್ಲ, ಭಾನುವಾರ ಸಂಜೆ ಆದರೆ ಹೊಟ್ಟೆ ಕಿವುಚಿದ ಹಾಗೆ.

ಮಾತಾಡುತ್ತಾ ಹೋದಂತೆ ಒಂದೇ ಕೇಸು ಮತ್ತೆ ಮತ್ತೆ ಬರುತ್ತಿತ್ತು. ಡಿಗ್ರಿ ಮುಗಿಸಿದ ಹುಡುಗ. ತನಗೆ ಗಂಡಸರೇ ಇಷ್ಟ ಅಂತ ಅಕ್ಕನಿಗೆ ಹೇಳಿದ್ದ, ಅದು ಅಪ್ಪ ಅಮ್ಮನ ಕಿವಿಗೆ ಬಿತ್ತು. "ಮದುವೆಗೆ ಮುಂಚೆ ಸರಿ ಮಾಡಿಕೊಡಿ" ಅಂತ ಅವರು ಕೇಂದ್ರಕ್ಕೆ ಕರೆತಂದರು. ಮೇಘಾ ಸೂಪರ್‌ವಿಷನ್‌ನಲ್ಲಿ ವಿಷಯ ಇಟ್ಟಾಗ ಸರ್ ಹೇಳಿದ್ದು: "ಇದೊಂದು ಹಂತ ಅಷ್ಟೇ. ಅವನ ಯೋಚನೆ ಬದಲಿಸೋ ಕಡೆ ಕೆಲಸ ಮಾಡಮ್ಮ. ಮದುವೆ ಆದ್ರೆ ಎಲ್ಲ ಸರಿಹೋಗುತ್ತೆ." ಮೇಘಾ ತಲೆಯಾಡಿಸಿದಳು. ಆಮೇಲೆ ಆ ಕೇಸನ್ನು ಸೂಪರ್‌ವಿಷನ್‌ಗೆ ತರುವುದನ್ನೇ ಬಿಟ್ಟಳು. ಫೈಲಿನಲ್ಲಿ "ಪರೀಕ್ಷೆಯ ಒತ್ತಡ" ಅಂತ ಬರೆದಳು.

ಕೆಲವು ವಾರ ಕಳೆದ ಮೇಲೆ ಇನ್ನೊಂದು ಮಾತು ಬಂತು. "ಮೇಡಂ, ನನಗೂ ಹುಡುಗಿಯರೇ ಇಷ್ಟ. ಸರ್‌ಗೆ ಗೊತ್ತಿಲ್ಲ. ಅವರು ಅವನ ಬಗ್ಗೆ ಮಾತಾಡುವಾಗ ನನ್ನ ಬಗ್ಗೆಯೇ ಹೇಳಿದ ಹಾಗೆ ಆಗುತ್ತೆ."

ಹೊಸ ಸೂಪರ್‌ವೈಸರ್ ಹುಡುಕುವ ಮಾತಿಗಿಂತ ಮೊದಲು ನಾನು ಕೇಳಿದ್ದು ಆ ಹುಡುಗ ಹೇಗಿದ್ದಾನೆ ಅಂತ. "ಇದ್ದು ಏನು ಪ್ರಯೋಜನ ಅಂತಾನೆ" ಅಂದಳು. ನನಗೆ ಹೆಚ್ಚು ಆತಂಕ ಆದದ್ದು ಇಲ್ಲಿ. ಎರಡನೇ ವರ್ಷದ ಆಪ್ತಸಲಹೆಗಾರ್ತಿ ಇಂಥ ಕೇಸನ್ನು ಯಾರಿಗೂ ತಿಳಿಸದೆ ಒಬ್ಬಳೇ ಹೊತ್ತಿದ್ದಳು. ಆ ವಾರವೇ ಮಾಡಬೇಕಾದ್ದನ್ನು ಕೂತು ಬರೆದುಕೊಂಡೆವು. ಸಾಯುವ ಯೋಚನೆ ಬರುತ್ತಾ, ಹೇಗೆ ಅಂತ ಯೋಚಿಸಿದ್ದಾನಾ ಅಂತ ಅವನನ್ನು ನೇರವಾಗಿ ಕೇಳುವುದು. ಅಕ್ಕನನ್ನು ಜೊತೆಗೆ ಸೇರಿಸಿಕೊಳ್ಳಬಹುದಾ ಅಂತ ಅವನ ಒಪ್ಪಿಗೆ ಪಡೆಯುವುದು. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡುವುದು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅಗತ್ಯ ಬಿದ್ದರೆ ಯಾವ ಮನೋವೈದ್ಯರ ಬಳಿ ಕಳಿಸುವುದು ಅನ್ನುವುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳುವುದು.

ಫೈಲನ್ನೂ ತಿದ್ದಲು ಹೇಳಿದೆ. "ಆತಂಕ, ನಿದ್ದೆಯ ತೊಂದರೆ, ಮದುವೆ ವಿಷಯದಲ್ಲಿ ಮನೆಯ ಒತ್ತಡ" ಅಂತ ಬರೆದರೆ ಅದು ನಿಜವೂ ಹೌದು, ಹುಡುಗನ ಗುಟ್ಟೂ ಉಳಿಯುತ್ತದೆ. ಸುಳ್ಳು ಬರೆದಿಟ್ಟರೆ ನಾಳೆ ಏನಾದರೂ ಆದಾಗ ಸಿಕ್ಕಿಬೀಳುವವಳು ಅವಳೇ, ಅಲ್ವಾ?

ಸರ್ ಜೊತೆ ವಾದ ಮಾಡಲಾ ಅಂತ ಕೇಳಿದಳು. ವಾದ ಬೇಡ, ಆದರೆ ಏನು ಮಾಡುವುದಿಲ್ಲ ಅನ್ನುವುದನ್ನು ಸ್ಪಷ್ಟವಾಗಿ ಹೇಳಿ ಅಂದೆ. ಅದಕ್ಕೆ ಆಧಾರ ಬೇಕಾದಷ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಸಮಾಜದ ರೀತಿನೀತಿಗೆ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನುವಂತಿಲ್ಲ. 18ನೇ ಸೆಕ್ಷನ್ ಮಾನಸಿಕ ಆರೋಗ್ಯ ಸೇವೆ ಕೊಡುವಾಗ ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ತಡೆಯುತ್ತದೆ. 2021ರಲ್ಲಿ ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಒಲವು ಬದಲಿಸುವ 'ಚಿಕಿತ್ಸೆ'ಯನ್ನು ನಿಷೇಧಿಸಲು ಹೇಳಿದರು. ಆ ಪ್ರಕರಣದಲ್ಲಿ ನನಗೆ ತುಂಬ ಹಿಡಿಸಿದ್ದು ಬೇರೆ. ತೀರ್ಪು ಬರೆಯುವ ಮುಂಚೆ ಅವರು ತಾವೇ ಒಬ್ಬ ಮನಶ್ಶಾಸ್ತ್ರಜ್ಞರ ಬಳಿ ಕೂತು ವಿಷಯ ಕಲಿತರು. ಹೈಕೋರ್ಟ್ ನ್ಯಾಯಮೂರ್ತಿಗೇ ಹಾಗೆ ಕೂರಲು ಸಾಧ್ಯವಾದರೆ ನಮ್ಮ ಹಿರಿಯರಿಗೆ ಯಾಕಾಗಬಾರದು?

2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ 'ಚಿಕಿತ್ಸೆ'ಯನ್ನು ವೃತ್ತಿ ದುರ್ನಡತೆ ಅಂದಿತು. ಆದರೆ ಅದು ವೈದ್ಯರಿಗೆ. ಎಂ.ಫಿಲ್. ಮಾಡಿದ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಮಂಡಳಿಯ ಕೆಳಗೆ ಬರುತ್ತಾರೆ. ಮೇಘಾ ತರಹ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಇಳಿದವರ ಮೇಲೆ ಅಷ್ಟು ಗಟ್ಟಿಯಾದ ಕಣ್ಣು ಯಾರದ್ದೂ ಇಲ್ಲ. ಸೂಪರ್‌ವಿಷನ್ ಸಿಗುವುದೂ ಬಿಡುವುದೂ ಅದೃಷ್ಟದ ಮೇಲೆ. ಹಾಗಾಗಿ ಹುಡುಕುವ ಕೆಲಸ ಆಕೆಯದ್ದೇ ಆಯಿತು.

ಮೊದಲ ಸಲಹೆ: ಸಂಬಳ ಕೊಡುವವರು ಬೇರೆ, ಸೂಪರ್‌ವಿಷನ್ ಕೊಡುವವರು ಬೇರೆ ಇರಲಿ. ಹೊರಗಿನವರು ಹೇಗೂ ಸಿಗುತ್ತಾರೆ, ಆನ್‌ಲೈನ್ ಇದೆ. ಮರಿವಾಲಾ ಹೆಲ್ತ್ ಇನಿಶಿಯೇಟಿವ್ ಅನ್ನುವ ಸಂಸ್ಥೆ ನಡೆಸುವ ಕ್ವೀರ್ ಅಫರ್ಮೇಟಿವ್ ಕೌನ್ಸೆಲಿಂಗ್ ಪ್ರಾಕ್ಟೀಸ್ ಕೋರ್ಸ್ ಮಾಡಿದವರನ್ನು ವಿಚಾರಿಸಲು ಹೇಳಿದೆ. ಕ್ವೀರ್ ಅಂದರೆ ಸಲಿಂಗಿಗಳು, ಟ್ರಾನ್ಸ್ ಜನ ಮುಂತಾದವರು; ಅವರನ್ನು ಬದಲಿಸಲು ಹೋಗದೆ, ಇದ್ದಂತೆ ಒಪ್ಪಿ ಸಲಹೆ ಕೊಡುವುದನ್ನು ಕಲಿಸುವ ಕೋರ್ಸ್ ಇದು. ಬೆಂಗಳೂರಿನಲ್ಲಿ ಈ ಸಮುದಾಯದ ಜೊತೆ ಹಲವು ವರ್ಷ ಕೆಲಸ ಮಾಡಿದ ಸಂಸ್ಥೆಗಳ ಆಪ್ತಸಲಹೆಗಾರರನ್ನೂ ಕೇಳಲು ಹೇಳಿದೆ. ಸರ್ಟಿಫಿಕೇಟ್ ಒಂದನ್ನೇ ನಂಬಬೇಡಿ ಅಂತಲೂ ಸೇರಿಸಿದೆ.

"ನಿಮಗೆ ಕ್ವೀರ್ ಕ್ಲೈಂಟ್‌ಗಳ ಬಗ್ಗೆ ಅಭಿಪ್ರಾಯ ಏನು" ಅಂತ ಕೇಳಿದರೆ ಎಲ್ಲರೂ "ನನಗೆ ಎಲ್ಲರೂ ಒಂದೇ" ಅಂತಾರೆ. ಅದರಿಂದ ಏನೂ ತಿಳಿಯಲ್ಲ. ಕೆಲಸದ ಪ್ರಶ್ನೆ ಕೇಳಿ. ಮಗನನ್ನು ಸರಿ ಮಾಡಿ ಅಂತ ಅಪ್ಪ ಅಮ್ಮ ಬಂದರೆ ಮೊದಲ ಅರ್ಧ ಗಂಟೆ ಏನು ಮಾಡ್ತೀರಿ? ಫೀಸ್ ಅಪ್ಪ ಕೊಟ್ಟರೆ ವಯಸ್ಕ ಮಗ ಹೇಳಿದ್ದರಲ್ಲಿ ಎಷ್ಟನ್ನು ಅವರಿಗೆ ತಿಳಿಸ್ತೀರಿ? ಟ್ರಾನ್ಸ್ ಕ್ಲೈಂಟ್ ಲಿಂಗ ಬದಲಾವಣೆಯ ಚಿಕಿತ್ಸೆಗೆ ಬೇಕಾದ ಪತ್ರ ಕೇಳಿದಾಗ ಏನು ಮಾಡಿದ್ದೀರಿ? ನಾನು ನನ್ನ ಬಗ್ಗೆ ಹೇಳಿದ್ದು ನನ್ನ ಕೇಂದ್ರಕ್ಕೆ ಹೋಗುತ್ತಾ? ಉತ್ತರ ಕೊಡುವ ಮುಂಚೆ ಅವರು ತಿರುಗಿ ಏನು ಕೇಳುತ್ತಾರೆ ಅನ್ನುವುದನ್ನೂ ಗಮನಿಸಿ. ಮೊದಲ ಭೇಟಿಯಲ್ಲೇ ನಿಮ್ಮ ಬಗ್ಗೆ ಹೇಳಿಕೊಳ್ಳಬೇಕಾಗಿಲ್ಲ ಅಂತಲೂ ಹೇಳಿದೆ.

ಮೇಘಾಗೆ ಇಬ್ಬರು ಸಿಕ್ಕರು. ಒಬ್ಬರು ತಾವೇ ಲೆಸ್ಬಿಯನ್, ಕೆಲಸದಲ್ಲಿ ಬಹಳ ಚುರುಕು. ಆದರೆ ಮೇಘಾಳ ಹಳೆಯ ಗೆಳತಿಯ ಬಳಗದವರು, ಪ್ರೈಡ್ ಮೆರವಣಿಗೆಯಲ್ಲಿ ಪಕ್ಕದಲ್ಲೇ ನಡೆಯುವವರು. ಚಿಕ್ಕ ಸಮುದಾಯದಲ್ಲಿ ಈ ತೊಡಕು ಇದ್ದದ್ದೇ. ಇನ್ನೊಬ್ಬರು ಮದುವೆಯಾಗಿ ಮಕ್ಕಳಿರುವ ಹೆಂಗಸು, ಕನ್ನಡದಲ್ಲೇ ಕೇಸು ಕೇಳುವವರು. ಮೇಘಾ ಎರಡನೆಯವರನ್ನು ಆರಿಸಿದಳು. ನನಗೂ ಅದೇ ಸರಿ ಅನ್ನಿಸಿತು. ಸೂಪರ್‌ವೈಸರ್ ನಮ್ಮಂತೆಯೇ ಇರಬೇಕು ಅಂತಿಲ್ಲ. ಹುಡುಗನ ಒಪ್ಪಿಗೆ ಪಡೆದು, ಅವನ ಗುರುತು ಸಿಗದ ಹಾಗೆ ವಿಷಯ ಹೇಳುವುದು, ವಾಟ್ಸಾಪ್‌ನಲ್ಲಿ ನೋಟ್ಸ್ ಕಳಿಸದೆ ಇರುವುದು ಇವೆಲ್ಲ ಮೊದಲ ದಿನವೇ ನಿಗದಿಯಾಯಿತು.

ಹೊಸ ಸೂಪರ್‌ವೈಸರ್ ಜೊತೆ ಎರಡೋ ಮೂರೋ ಭೇಟಿ ಆದ ಮೇಲೆ ಮೇಘಾ ಬೇಜಾರಿನಲ್ಲಿ ನನ್ನ ಬಳಿ ಬಂದಳು. "ಇವರೂ ಬೈದರು ಮೇಡಂ." ಬೈದಿರಲಿಲ್ಲ. "ಅಪ್ಪನಿಗೆ ಹೇಳಿಬಿಡು ಅಂತ ಹುಡುಗನಿಗೆ ಯಾಕೆ ಒತ್ತಾಯ ಮಾಡ್ತಿದ್ದೀರಿ? ಆ ಆಸೆ ಅವನದ್ದಾ ನಿಮ್ಮದಾ?" ಅಂತ ಕೇಳಿದ್ದರು. ಅವನು ಇನ್ನೂ ಅಪ್ಪನ ದುಡ್ಡಿನಲ್ಲಿ, ಅಪ್ಪನ ಮನೆಯಲ್ಲಿ ಇರುವವನು. ಈ ಪ್ರಶ್ನೆ ಹಳೆಯ ಸರ್ ಕೇಳಲು ಸಾಧ್ಯವೇ ಇರಲಿಲ್ಲ, ಯಾಕಂದರೆ ಮೇಘಾ ಯಾರು ಅಂತಲೇ ಅವರಿಗೆ ಗೊತ್ತಿಲ್ಲ. ನಮ್ಮನ್ನು ಒಪ್ಪಿಕೊಂಡವರು ಮಾತ್ರ ನಮ್ಮ ಕೆಲಸವನ್ನು ಇಷ್ಟು ಹತ್ತಿರದಿಂದ ತಿದ್ದಬಲ್ಲರು. ಸುಮ್ನೆ ಸಮಾಧಾನ ಹೇಳುವವರು ಸಿಕ್ಕಿದ್ದರೆ ನಾನು ಇನ್ನೊಬ್ಬರನ್ನು ಹುಡುಕಲು ಹೇಳುತ್ತಿದ್ದೆ.

ದುಡ್ಡಿನ ಕಷ್ಟ ಇನ್ನೂ ಇದೆ. ಫೀಸ್ ಸ್ವಲ್ಪ ಕಡಿಮೆ ಮಾಡಿಸಿಕೊಂಡಿದ್ದಾಳೆ. ಬೇರೆ ಊರಿನ ಹೊಸ ಆಪ್ತಸಲಹೆಗಾರರ ಜೊತೆ ಸೇರಿ ಗುಂಪಿನಲ್ಲಿ ಸೂಪರ್‌ವಿಷನ್ ಪಡೆಯುವ ಮಾತು ನಡೆದಿದೆ. ಕೆಲಸ ಸಿಗುವ ತನಕ ಹುಡುಗಿ ನೋಡಲು ಬರಲ್ಲ ಅಂತ ಹುಡುಗ ಅಪ್ಪನಿಗೆ ಹೇಳಿದ್ದಾನೆ, ಬೇರೇನೂ ಹೇಳಿಲ್ಲ. ಒಲವು ಬದಲಿಸುವ ಕೆಲಸ ತಾನು ಮಾಡುವುದಿಲ್ಲ, ಇಂಥ ಕೇಸುಗಳಿಗೆ ಹೊರಗೆ ಸೂಪರ್‌ವಿಷನ್ ತಗೊಳ್ತೀನಿ ಅಂತ ಮೇಘಾ ಸರ್‌ಗೆ ತಿಳಿಸಿದಳು. "ಖರ್ಚು ಕೇಂದ್ರ ಕೊಡಲ್ಲಮ್ಮ" ಅಂದರಂತೆ, ಅಷ್ಟೇ. ತನ್ನ ಬಗ್ಗೆ ಅವರಿಗೆ ಹೇಳಿಲ್ಲ. ಹೇಳಿ ಅಂತ ನಾನೂ ಸಲಹೆ ಕೊಟ್ಟಿಲ್ಲ. ಬೇರೆ ಕಡೆ ಅರ್ಜಿ ಹಾಕುತ್ತಿದ್ದಾಳೆ.