ನಿವೃತ್ತಿಯ ನಂತರ ಕರಣೆ ಹಿಡಿಯುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯಲ್ಲಿ 33 ವರ್ಷ ಗಣಿತ ಕಲಿಸಿ ಕಳೆದ ಮೇ ತಿಂಗಳಲ್ಲಿ ನಿವೃತ್ತನಾದ ನಾನು, ಪತ್ನಿಯೊಂದಿಗೆ ಸಾಗರ ತಾಲ್ಲೂಕಿನಲ್ಲಿರುವ ನಮ್ಮ ಹಿರಿಯರ ಮನೆಗೆ ಬಂದು ನೆಲೆಸಿದ್ದೇನೆ. ಮಣ್ಣಿನ ಇಟ್ಟಿಗೆಯ ಗೋಡೆ, ಸುಣ್ಣದ ಗಾರೆ, ಮಂಗಳೂರು ಹೆಂಚು, ರೆಡ್ ಆಕ್ಸೈಡ್ ನೆಲ ಇರುವ ಮನೆ. ಗೋಡೆಯ ಬುಡದಲ್ಲಿ ಗಾರೆ ಉದುರುತ್ತಿದೆ, ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದೆ, ಬಾಗಿಲುಗಳ ಬಣ್ಣ ಪದರ ಪದರವಾಗಿ ಏಳುತ್ತಿದೆ. ಎಲ್ಲವನ್ನೂ ಗುತ್ತಿಗೆದಾರರಿಗೆ ಒಪ್ಪಿಸಿ ಸಿಮೆಂಟು ಬಳಿಸಿ, ಟೈಲ್ಸ್ ಹಾಕಿಸೋಣವೆಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಾನೆ. ನನಗಾದರೋ ಇದನ್ನು ಸ್ವಂತ ಕೈಯಿಂದ ಮಾಡಬೇಕೆಂಬ ಆಸೆ. ಗೋಡೆಗೆ ಮೊಳೆ ಹೊಡೆದದ್ದನ್ನು ಬಿಟ್ಟರೆ ಬೇರೆ ಅನುಭವವಿಲ್ಲ. ಬೆಳಗ್ಗೆ ಹತ್ತು ಗಂಟೆಯಾದರೆ ಏನು ಮಾಡುವುದೆಂದು ತೋಚದೆ ಜಗಲಿಯಲ್ಲಿ ಕುಳಿತುಬಿಡುತ್ತೇನೆ. ಈ ವಯಸ್ಸಿನಲ್ಲಿ ಇಂಥ ಕೆಲಸಕ್ಕೆ ಕೈಹಾಕುವುದು ಸರಿಯೇ? ಎಲ್ಲಿಂದ ಆರಂಭಿಸಲಿ?
– ಸಾಗರದ ಓದುಗರೊಬ್ಬರು

ಉತ್ತರ: ಮೇಷ್ಟರೇ, ಖಂಡಿತವಾಗಿಯೂ ಕೈಹಾಕಿ. ಆದರೆ ಮೊದಲ ಮಳೆಗಾಲ ಪೂರ್ತಿ ಏನನ್ನೂ ಕೆಡವದೆ, ಕಟ್ಟದೆ, ಒಂದು ನೋಟ್‌ಬುಕ್ ಹಿಡಿದು ಮನೆಯನ್ನು ನೋಡುವುದಷ್ಟೇ ನಿಮ್ಮ ಕೆಲಸವಾಗಲಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದ ನೀರು ಚಿಮ್ಮಿ ಯಾವ ಗೋಡೆಯನ್ನು ಎಷ್ಟು ಎತ್ತರದವರೆಗೆ ನೆನೆಸುತ್ತದೆ, ಅಂಗಳದ ಮಣ್ಣು ವರ್ಷದಿಂದ ವರ್ಷಕ್ಕೆ ಪೇರಿಕೊಂಡು ಒಳಗಿನ ನೆಲಕ್ಕಿಂತ ಮೇಲೆ ಬಂದಿದೆಯೇ ಎಂಬುದನ್ನೆಲ್ಲ ಬರೆದಿಡಿ. ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಗಾರೆ ಉದುರುವುದಕ್ಕೆ ಬಹುತೇಕ ಕಾರಣ ಹೊರಗಿನ ನೀರು. ಅದರ ದಾರಿಯನ್ನು ತಿರುಗಿಸದೆ ಒಳಗೆ ಎಷ್ಟು ಬಾರಿ ಗಾರೆ ಬಳಿದರೂ ಅದು ಮತ್ತೆ ಉದುರುತ್ತದೆ. ಆದ್ದರಿಂದ ಮಳೆ ನಿಂತ ಮೇಲೆ ನೀವು ಮೊದಲು ಹಿಡಿಯಬೇಕಾದದ್ದು ಕರಣೆಯನ್ನಲ್ಲ, ಗುದ್ದಲಿಯನ್ನು: ಗೋಡೆಗೆ ತಾಗಿದ ಮಣ್ಣನ್ನು ಒಳನೆಲದ ಮಟ್ಟಕ್ಕಿಂತ ಕೆಳಗಿಳಿಸಿ, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಿ.

ಸಿಮೆಂಟಿನ ವಿಷಯದಲ್ಲಿ ನಿಮ್ಮ ಮಗನಿಗೆ ಒಂದು ಮಾತು ತಿಳಿಸಿ. ಮಣ್ಣಿನ ಗೋಡೆ ನೆಲದಿಂದ ಸ್ವಲ್ಪ ತೇವವನ್ನು ಹೀರುತ್ತಲೇ ಇರುತ್ತದೆ, ಸುಣ್ಣದ ಗಾರೆ ಆ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಗಟ್ಟಿಯಾದ ಸಿಮೆಂಟು ಗಾರೆ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪಿನ ಬಿಳಿಪುಡಿ ಹೊಮ್ಮಿ, ಕೆಲವು ವರ್ಷಗಳಲ್ಲಿ ಸಿಮೆಂಟಿನ ಪದರವು ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಹಪ್ಪಳದಂತೆ ಏಳುತ್ತದೆ. ಸುಣ್ಣದ ಮನೆಗೆ ಸುಣ್ಣವೇ ತಕ್ಕದ್ದು. ಸುಟ್ಟ ಸುಣ್ಣದ ಕಲ್ಲನ್ನು ಮಾತ್ರ ನೀವೇ ನೀರಿಗೆ ಹಾಕಿ ಅರಳಿಸಲು ಹೋಗಬೇಡಿ. ಅದು ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅರಳಿಸಿ ಕೊಳೆಸಿಟ್ಟ ಸುಣ್ಣವನ್ನು ತಂದು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು ಬೆರೆಸಿ, ಕೈಗವಸು ಮತ್ತು ಕನ್ನಡಕ ಧರಿಸಿ ಕೆಲಸ ಮಾಡಿ. ನಾನು ನಿವೃತ್ತನಾದ ವರ್ಷ ನಮ್ಮ ಉಗ್ರಾಣದ ಗೋಡೆಗೆ ಮೊದಲ ಬಾರಿ ಗಾರೆ ಬಳಿದಾಗ, ಒಣಗೋಡೆಗೆ ನೀರುಣಿಸದೆ ಒಂದೇ ಸಲಕ್ಕೆ ದಪ್ಪವಾಗಿ ಬಳಿದುಬಿಟ್ಟಿದ್ದರಿಂದ ಮೂರು ವಾರಗಳಲ್ಲಿ ಇಡೀ ಹಾಳೆ ಕಳಚಿ ಬಿತ್ತು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು; ಹಾಗಾಗಿ ಅದನ್ನು ತೆಳುವಾಗಿ, ಪದರದ ಮೇಲೆ ಪದರವಾಗಿ, ಬಿಸಿಲು ಬೀಳದಂತೆ ತೇವಗೋಣಿ ಇಳಿಬಿಟ್ಟು ಕಾಯಬೇಕು. ಕಾಯುವುದಕ್ಕೆ ಗುತ್ತಿಗೆದಾರರ ಬಳಿ ದಿನಗಳಿರುವುದಿಲ್ಲ, ನಿಮ್ಮ ಬಳಿ ಇವೆ. ನಿವೃತ್ತರಿಗೆ ಈ ಕೆಲಸ ಒಗ್ಗುವುದಕ್ಕೆ ನಾನು ಕಂಡ ನಿಜವಾದ ಕಾರಣ ಅದೇ.

ರೆಡ್ ಆಕ್ಸೈಡ್ ನೆಲವನ್ನು ದಯವಿಟ್ಟು ಒಡೆಸಬೇಡಿ. ಬಿರುಕನ್ನು ಕೆರೆದು, ತೊಳೆದು, ಸಿಮೆಂಟು ಮತ್ತು ಕೆಂಪುಪುಡಿಯ ಗಟ್ಟಿ ಪಾಕದಿಂದ ತುಂಬಿ ವಾರ ಕಾಲ ನೀರುಣಿಸಿದರೆ ನೆಲ ಇನ್ನೂ ಬಹುಕಾಲ ಬಾಳುತ್ತದೆ. ಕಷ್ಟವಿರುವುದು ಬಣ್ಣ ಹೊಂದಿಸುವುದರಲ್ಲಿ. ಹಸಿಯಾಗಿರುವಾಗ ಗಾಢವಾಗಿ ಕಾಣುವ ಬಣ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ, ಐದಾರು ಬೇರೆ ಬೇರೆ ಅಳತೆಯ ಪಾಕವನ್ನು ಒಡೆದ ಹೆಂಚಿನ ಚೂರುಗಳ ಮೇಲೆ ಬಳಿದು, ಅಳತೆಯನ್ನು ಪಕ್ಕದಲ್ಲಿ ಬರೆದು, ಪೂರ್ತಿ ಒಣಗಿದ ಮೇಲೆ ನೆಲದ ಪಕ್ಕ ಇಟ್ಟು ನೋಡಿ. ಗಣಿತದ ಮೇಷ್ಟರಿಗೆ ಇದಕ್ಕಿಂತ ಹಿತವಾದ ಬೆಳಗು ಇರಲಾರದು. ಕೊನೆಯಲ್ಲಿ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಿ ಬಟ್ಟೆಯಿಂದ ಉಜ್ಜಿದರೆ ಹೊಳಪು ಮರಳುತ್ತದೆ. ಎಣ್ಣೆ ಹೆಚ್ಚಾದರೆ ಜಾರುತ್ತದೆ, ಎಚ್ಚರ.

ಬಾಗಿಲಿನ ಹಳೆಯ ಬಣ್ಣದ ವಿಷಯದಲ್ಲಿ ನನಗೆ ನಿಜವಾದ ಆತಂಕವಿದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣವು ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಎಣ್ಣೆಬಣ್ಣದಲ್ಲಿ ಸೀಸವಿದೆಯೆಂದೇ ಭಾವಿಸಿ ನಡೆಯುವುದು ಕ್ಷೇಮ. ಒಣಗಿದ ಬಣ್ಣವನ್ನು ಮರಳುಕಾಗದದಿಂದ ಉಜ್ಜಿದರೆ ಆ ದೂಳು ಮನೆಯಲ್ಲೆಲ್ಲ ಹರಡುತ್ತದೆ, ಚಿಕ್ಕ ಮಕ್ಕಳ ಮಿದುಳಿಗೆ ಅದು ವಿಷ. ಬಾಗಿಲನ್ನು ಬಿಜಾಗರಿಯಿಂದ ಬಿಡಿಸಿ ಕೊಟ್ಟಿಗೆಗೆ ಒಯ್ದು, ನೀರು ಚಿಮುಕಿಸಿಕೊಂಡು ಹಸಿಯಾಗಿಯೇ ಉಜ್ಜಿ. ಮೂಗಿಗೆ ಬಟ್ಟೆ ಸಾಲದು, ಎನ್95 ಮುಖಗವಸು ಬೇಕು. ಮೊಮ್ಮಕ್ಕಳು ರಜೆಗೆ ಬಂದಿರುವಾಗ ಈ ಕೆಲಸವನ್ನು ಮುಟ್ಟಲೇಬೇಡಿ.

ಎರಡು ಕೆಲಸಗಳನ್ನು ನೀವು ಮಾಡಕೂಡದು. ಒಂದು, ವಿದ್ಯುತ್ ವೈರಿಂಗ್. ಅದನ್ನು ಪರವಾನಗಿ ಇರುವವರಿಂದಲೇ ಮಾಡಿಸಿ, ಜೊತೆಗೆ ವಿದ್ಯುತ್ ಸೋರಿದೊಡನೆ ತಾನಾಗಿಯೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಇನ್ನೊಂದು, ಮಾಡಿನ ಮೇಲೆ ಹತ್ತುವುದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಈ ಹೆಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಅಚ್ಚಾಗಿರುವುದರಿಂದ ಒಡೆದ ಒಂದನ್ನು ಮಾತ್ರ ಬದಲಿಸಬಹುದು. ಆದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ತುಸು ಬೇರೆ. ಹೆಂಚಿನ ಮೇಲಿನ ಮುದ್ರೆ ನೋಡಿ ಅದೇ ಹೆಂಚನ್ನು ಹುಡುಕಿ ತರುವುದೂ, ಮಳೆಯ ದಿನ ಅಟ್ಟದಲ್ಲಿ ನಿಂತು ಸೋರುವ ಜಾಗದ ರೀಪಿಗೆ ಸೀಮೆಸುಣ್ಣದ ಗುರುತು ಹಾಕುವುದೂ ನಿಮ್ಮ ಪಾಲಿನ ಕೆಲಸ. ಹತ್ತುವುದು ಅದರಲ್ಲಿ ನುರಿತವರ ಕೆಲಸ.

ಊರಿನಲ್ಲಿ ಸುಣ್ಣದ ಗಾರೆ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರಿದ್ದರೆ ತಿಂಗಳಿಗೆ ಎರಡು ದಿನ ಕರೆಸಿ, ಪೂರ್ಣ ಕೂಲಿ ಕೊಟ್ಟು, ಅವರಿಂದ ಕಲಿಯಿರಿ. ದುಡ್ಡು ಉಳಿಸುವುದಕ್ಕೆಂದು ಈ ಕೆಲಸ ಹಿಡಿಯಬೇಡಿ, ಉಳಿಯುವುದೂ ಇಲ್ಲ. ಗ್ರ್ಯಾಚುಯಿಟಿಯ ಗಂಟಿಗೆ ಕೈಹಾಕದೆ ಪಿಂಚಣಿಯಲ್ಲಿ ತಿಂಗಳಿಗಿಷ್ಟು ಎಂದು ಗೊತ್ತುಮಾಡಿಕೊಳ್ಳಿ. ದಿನಕ್ಕೆ ಬೆಳಗಿನ ಎರಡು ಮೂರು ಗಂಟೆ ಸಾಕು.

ನಿಮ್ಮ ಪತ್ರದಲ್ಲಿ ಪತ್ನಿಯವರ ಅಭಿಪ್ರಾಯ ಏನೆಂಬುದು ಇಲ್ಲ. ನಿಮಗೆ ನಿವೃತ್ತಿಯಾಗಿದೆ, ಅವರಿಗೆ ಆಗಿಲ್ಲ. ನೀವು ಎಬ್ಬಿಸುವ ದೂಳು ಅವರ ಅಡುಗೆಮನೆಗೆ ಬೀಳುತ್ತದೆ. ಮನೆಯಲ್ಲಿ ಅವರಿಗೆ ದಿನವೂ ತೊಂದರೆ ಕೊಡುವುದು ಯಾವುದೆಂದು ಮೊದಲು ಕೇಳಿ. ಅದು ಕೈಗೆಟುಕದ ಗೂಡಾಗಿರಬಹುದು, ಬಚ್ಚಲಿನ ಎತ್ತರದ ಮೆಟ್ಟಿಲಾಗಿರಬಹುದು. ನಿಮ್ಮ ಮೊದಲ ಕೆಲಸ ಅದೇ ಆಗಲಿ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ನಿವೃತ್ತಿಯ ನಂತರ ಮನೆಗೆ ತಾವೇ ಬಣ್ಣ ಹೊಡೆಯುತ್ತಾರೆ, ಶೆಲ್ಫ್ ಕೂರಿಸುತ್ತಾರೆ. ಕಳೆದ ತಿಂಗಳು ಏಣಿಯಿಂದ ಜಾರಿ ಮಣಿಕಟ್ಟು ಉಳುಕಿತು. ಬೇಡವೆಂದರೆ ಮುನಿಸಿಕೊಂಡು ಎರಡು ದಿನ ಮಾತು ಬಿಡುತ್ತಾರೆ. ಏನು ಮಾಡಲಿ?
– ದಾವಣಗೆರೆಯ ಓದುಗರು

ಉತ್ತರ: ಬೇಡವೆನ್ನಬೇಡಿ. ಕೆಲಸವನ್ನು ನೆಲಕ್ಕಿಳಿಸಿ. ಸೊಂಟದ ಎತ್ತರಕ್ಕೆ ಒಂದು ಗಟ್ಟಿ ಮೇಜು ಮಾಡಿಸಿಕೊಟ್ಟು, ಗರಗಸ, ಕೀಸುಳಿ ಹಿಡಿಯುವ ಕೆಲಸವೆಲ್ಲ ಅಲ್ಲಿಯೇ ನಡೆಯುವಂತೆ ಮಾಡಿ. ಮಾಡಿದ್ದನ್ನು ಗೋಡೆಗೇರಿಸುವ ದಿನ ನೀವು ಅಥವಾ ನಿಮ್ಮ ಮನೆಯವರು ಜೊತೆಗಿರಿ. ಏಣಿ ಹತ್ತಲೇಬೇಕಾದಾಗ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಅದರ ಬುಡ ಗೋಡೆಯಿಂದ ದೂರವಿರಬೇಕು, ಕೆಳಗೆ ಒಬ್ಬರು ಹಿಡಿದಿರಬೇಕು, ಹವಾಯಿ ಚಪ್ಪಲಿ ಕಾಲಲ್ಲಿ ಇರಕೂಡದು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿ. ಕೆಲವು ಮಾತ್ರೆಗಳಿಂದ ಬಗ್ಗಿ ಏಳುವಾಗ ತಲೆ ಸುತ್ತುವುದುಂಟು. ಅಗಸೆ ಎಣ್ಣೆಯಿಂದ ಮರಕ್ಕೆ ಹೊಳಪು ಕೊಡುವವರಾದರೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಲು ಬಿಡಬೇಡಿ, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರವಿ ಒಣಗಿಸಬೇಕು. ಇವನ್ನೆಲ್ಲ ಅಪ್ಪನಿಗೆ ಹೇಳುವಾಗ, ಅವರು ಮಾಡಿದ ಶೆಲ್ಫಿನ ಮುಂದೆ ನಿಂತು, ಅದನ್ನು ಮುಟ್ಟಿ ನೋಡಿದ ಮೇಲೆ ಹೇಳಿ.

ಪ್ರಶ್ನೆ: ನಾನು ನಿವೃತ್ತ ನರ್ಸ್, ಒಬ್ಬಳೇ ಇದ್ದೇನೆ. ಚಿಕ್ಕಪುಟ್ಟ ರಿಪೇರಿ ಕಲಿಯಬೇಕೆಂದಿದ್ದೇನೆ. ಯಾವ ಸಲಕರಣೆ ಕೊಳ್ಳಲಿ, ಯಾವ ಕೆಲಸದಿಂದ ಆರಂಭಿಸಲಿ?
– ಮೈಸೂರಿನ ಓದುಗರು

ಉತ್ತರ: ಹ್ಯಾಮರ್ ಡ್ರಿಲ್, ಟೇಪು, ಮಟ್ಟ ನೋಡುವ ರಸಮಟ್ಟ (ಸ್ಪಿರಿಟ್ ಲೆವೆಲ್), ಎರಡು ಬಗೆಯ ಸ್ಕ್ರೂ ಡ್ರೈವರ್, ಒಂದು ಅಡ್ಜಸ್ಟಬಲ್ ಸ್ಪ್ಯಾನರ್ ಇಷ್ಟಿದ್ದರೆ ಸಾಕು. ತೊಟ್ಟಿಕ್ಕುವ ನಲ್ಲಿಯ ವಾಷರ್ ಬದಲಿಸುವುದರಿಂದ ಆರಂಭಿಸಿ, ಮೊದಲು ನೀರಿನ ವಾಲ್ವ್ ಮುಚ್ಚಲು ಮರೆಯಬೇಡಿ. ಗೋಡೆ ಕೊರೆಯುವಾಗ ಸ್ವಿಚ್‌ಬೋರ್ಡಿನ ನೇರ ಮೇಲಾಗಲಿ ಕೆಳಗಾಗಲಿ ಕೊರೆಯಬೇಡಿ, ವೈರು ಸಾಮಾನ್ಯವಾಗಿ ಅದೇ ಸಾಲಿನಲ್ಲಿ ಹೋಗಿರುತ್ತದೆ. ಕೈ ಪಳಗಿದ ಮೇಲೆ ಸ್ನಾನದ ಮನೆಯಲ್ಲಿ ಕಮೋಡಿನ ಪಕ್ಕ ಹಿಡಿಕಂಬಿ ಕೂರಿಸಿ. ಅದರ ಸ್ಕ್ರೂಗಳು ಟೈಲ್ಸ್ ದಾಟಿ ಗಟ್ಟಿಗೋಡೆಯೊಳಗೆ ಇಳಿದಿರಬೇಕು. ಕಂಬಿಯ ಎತ್ತರಕ್ಕೆ ಅಂಗಡಿಯವರ ಅಳತೆ ಬೇಡ. ಕುಳಿತು, ಎದ್ದು, ನಿಮ್ಮ ಕೈ ತಾನಾಗಿ ಚಾಚುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ.